‘ಕಡಿಮೆ’ ಎಂದರೆ ಎಷ್ಟು? ಹೃದ್ರೋಗದ ಅಪಾಯ ತಗ್ಗಿಸಲು ಮನೆಯ ಅಡುಗೆಯನ್ನು ತಿದ್ದಿಕೊಳ್ಳುವ ಕ್ರಮ

ನನ್ನ ಭಾವನವರು ಐವತ್ತೊಂದನೆಯ ವಯಸ್ಸಿನಲ್ಲಿ ಹೃದಯಾಘಾತವಾಗಿ, ರಕ್ತನಾಳವನ್ನು ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡು ಮನೆಗೆ ಬಂದ ದಿನ, ಆಸ್ಪತ್ರೆಯವರು ಕೊಟ್ಟ ಕಾಗದದಲ್ಲಿ ಮಾತ್ರೆಗಳ ಪಟ್ಟಿ ಒಂದು ಪುಟ ತುಂಬಿತ್ತು. ಊಟದ ಬಗ್ಗೆ ಇದ್ದದ್ದು ಒಂದೇ ಸಾಲು: ‘ಉಪ್ಪು, ಎಣ್ಣೆ, ಸಿಹಿ ಕಡಿಮೆ ಮಾಡುವುದು.’ ಅಕ್ಕ ಆ ಕಾಗದವನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿ, ಒಗ್ಗರಣೆ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ಕೇಳಿದಳು: “ಕಡಿಮೆ ಅಂದ್ರೆ ಎಷ್ಟು ಅಂತ ಯಾರೂ ಹೇಳ್ಲಿಲ್ವಲ್ಲೋ. ಈಗ ಹಾಕ್ತಿರೋದೇ ಕಡಿಮೆ ಅಂತ ನಾನು ಅಂದ್ಕೊಂಡಿದೀನಿ.”

ಅವಳ ಪ್ರಶ್ನೆ ನ್ಯಾಯವಾದದ್ದು. ಅಡುಗೆ ಮಾಡುವವರ ಕೈ ಅಳತೆ ಹತ್ತಾರು ವರ್ಷಗಳಿಂದ ಪಳಗಿರುತ್ತದೆ. ಅದಕ್ಕೆ ‘ಕಡಿಮೆ’ ಎಂಬ ಮಾತು ಅರ್ಥವಾಗುವುದಿಲ್ಲ, ಗ್ರಾಂ, ಚಮಚ, ಕಿಲೋಗಳು ಅರ್ಥವಾಗುತ್ತವೆ. ಆದ್ದರಿಂದ ಈ ಬರಹದಲ್ಲಿ ಹೃದಯಕ್ಕೆ ಒಳ್ಳೆಯದೆಂಬ ಒಂದು ಪದಾರ್ಥವನ್ನು ಹೊಗಳುವುದಾಗಲಿ, ಇನ್ನೊಂದನ್ನು ದೂರುವುದಾಗಲಿ ಇಲ್ಲ. ಒಂದು ಮನೆಗೆ ತಿಂಗಳಿಗೆ ತರುವ ದಿನಸಿಯ ಲೆಕ್ಕವನ್ನು ಮುಂದಿಟ್ಟುಕೊಂಡು, ಯಾವುದನ್ನು ಎಷ್ಟಕ್ಕೆ ಇಳಿಸಬೇಕು, ಆ ಜಾಗಕ್ಕೆ ಏನನ್ನು ತರಬೇಕು, ಯಾವ ಕ್ರಮದಲ್ಲಿ ತರಬೇಕು ಎಂಬುದನ್ನು ವಿವರಿಸಿದ್ದೇನೆ. ಹೃದಯದ ಅಪಾಯವನ್ನು ಏರಿಸುವುದೂ ಇಳಿಸುವುದೂ ಯುಗಾದಿಯ ಒಂದು ಹೋಳಿಗೆಯಲ್ಲ, ದಿನವೂ ಒಲೆಯ ಮೇಲೇರುವ ಅಡುಗೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ತಿಳಿಯಬೇಕಾದದ್ದು: ರಕ್ತನಾಳದೊಳಗೆ ಏನಾಗುತ್ತದೆ

ತಿಂದ ತುಪ್ಪವೇ ನೇರವಾಗಿ ಹೋಗಿ ರಕ್ತನಾಳಕ್ಕೆ ಅಂಟಿಕೊಳ್ಳುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ನಡೆಯುವುದು ಬೇರೆ. ನಮ್ಮ ರಕ್ತದಲ್ಲಿ ಕೊಲೆಸ್ಟೆರಾಲನ್ನು ಹೊತ್ತು ತಿರುಗುವ ಎಲ್‌ಡಿಎಲ್ ಎಂಬ ಕಣಗಳಿವೆ. ಅವುಗಳನ್ನು ರಕ್ತದಿಂದ ಹಿಂದಕ್ಕೆ ಸೆಳೆದುಕೊಳ್ಳುವುದು ಯಕೃತ್ತಿನ ಕೆಲಸ. ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ, ತಾಳೆ ಎಣ್ಣೆಗಳಲ್ಲಿ ಹೆಚ್ಚಾಗಿರುವ ಸ್ಯಾಚುರೇಟೆಡ್ ಕೊಬ್ಬು ಮಿತಿ ಮೀರಿದಾಗ ಯಕೃತ್ತು ಈ ಕೆಲಸದಲ್ಲಿ ಹಿಂದೆ ಬೀಳುತ್ತದೆ, ಎಲ್‌ಡಿಎಲ್ ಕಣಗಳು ರಕ್ತದಲ್ಲೇ ಉಳಿಯುತ್ತವೆ. ಹಾಗೆ ಉಳಿದ ಕಣಗಳು ಅಪಧಮನಿಯ ಒಳಪದರದಡಿಗೆ ನುಸುಳಿ, ಅಲ್ಲಿ ಉರಿಯೂತ ಹುಟ್ಟಿಸಿ, ವರ್ಷಗಳ ಕಾಲ ಜಿಡ್ಡಿನ ಗಂಟಾಗಿ ಬೆಳೆಯುತ್ತವೆ. ಆ ಗಂಟಿನ ಮೇಲ್ಪೊರೆ ಒಂದು ದಿನ ಬಿರಿದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ, ಮೂರು ನಾಲ್ಕು ಮಿಲಿಮೀಟರ್ ಅಗಲದ ನಾಳ ನಿಮಿಷಗಳಲ್ಲಿ ಮುಚ್ಚಿಹೋಗಬಹುದು. ನಾವು ಹೃದಯಾಘಾತವೆಂದು ಕರೆಯುವುದು ಇದನ್ನೇ.

ಆಹಾರವು ಈ ಕಥೆಯೊಳಗೆ ಇನ್ನೂ ಎರಡು ದಾರಿಗಳಿಂದ ಬರುತ್ತದೆ. ಉಪ್ಪು ರಕ್ತದೊತ್ತಡವನ್ನು ಏರಿಸಿ ನಾಳದ ಒಳಪದರವನ್ನು ಹಗಲಿರುಳು ಘಾಸಿಗೊಳಿಸುತ್ತದೆ. ಬಿಳಿ ಅನ್ನ, ಮೈದಾ, ಸಕ್ಕರೆಗಳು ಬೇಕಾದುದಕ್ಕಿಂತ ಹೆಚ್ಚಾದಾಗ ಯಕೃತ್ತು ಅವನ್ನು ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನಾಗಿ ಮಾಡುತ್ತದೆ, ಹೊಟ್ಟೆಯ ಸುತ್ತ ಬೊಜ್ಜು ಸೇರುತ್ತದೆ, ಸಕ್ಕರೆ ಕಾಯಿಲೆ ಹತ್ತಿರವಾಗುತ್ತದೆ. ನಮ್ಮವರ ರಕ್ತಪರೀಕ್ಷೆಯ ಚೀಟಿಗಳಲ್ಲಿ ಬಹಳ ಸಲ ಕಾಣುವ ಚಿತ್ರ ಈ ಎರಡನೆಯದು: ಟ್ರೈಗ್ಲಿಸರೈಡ್ ಹೆಚ್ಚು, ಒಳ್ಳೆಯದೆನ್ನುವ ಎಚ್‌ಡಿಎಲ್ ಕಡಿಮೆ, ಕೈಕಾಲು ಸಣ್ಣಗಿದ್ದರೂ ಹೊಟ್ಟೆ ಮುಂದೆ.

52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನವು, ಮೊದಲ ಹೃದಯಾಘಾತದ ಅಪಾಯದಲ್ಲಿ ಶೇ 90ರಷ್ಟನ್ನು ಒಂಬತ್ತು ಅಂಶಗಳೇ ವಿವರಿಸುತ್ತವೆ ಎಂದು ತೋರಿಸಿತು. ಅವುಗಳಲ್ಲಿ ರಕ್ತದ ಕೊಬ್ಬು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಹಣ್ಣು ತರಕಾರಿಗಳ ಕೊರತೆ ಎಂಬ ಐದಕ್ಕೆ ಅಡುಗೆಮನೆಯೊಡನೆ ನೇರ ಸಂಬಂಧವಿದೆ. ಅದೇ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾದ ಸರಾಸರಿ ವಯಸ್ಸು 53, ಉಳಿದ ದೇಶಗಳವರಿಗೆ ಸುಮಾರು 59. ನಮ್ಮ ಭಾವನವರು ಅದೃಷ್ಟ ಕೆಟ್ಟ ಅಪರೂಪದ ರೋಗಿಯಲ್ಲ, ನಮ್ಮ ನಾಡಿನ ಸರಾಸರಿಗೆ ಹತ್ತಿರದವರು ಎಂಬುದು ನನ್ನನ್ನು ಹೆಚ್ಚು ಕಲಕಿದ ಸಂಗತಿ.

ಹೆಜ್ಜೆ 1: ಈಗ ಎಲ್ಲಿದ್ದೀರಿ ಎಂದು ಅಳೆದುಕೊಳ್ಳಿ

ಅಡುಗೆ ಬದಲಿಸುವ ಮೊದಲು ನಾಲ್ಕು ಅಳತೆಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಹೊಕ್ಕುಳ ಮಟ್ಟದಲ್ಲಿ ಟೇಪು ಹಿಡಿದು ಅಳೆದ ಸೊಂಟದ ಸುತ್ತಳತೆ ನಮ್ಮ ಗಂಡಸರಲ್ಲಿ 90 ಸೆಂಟಿಮೀಟರ್, ಹೆಂಗಸರಲ್ಲಿ 80 ಸೆಂಟಿಮೀಟರ್ ದಾಟಬಾರದು. ಐದು ನಿಮಿಷ ಕುಳಿತು ವಿಶ್ರಮಿಸಿದ ಮೇಲೆ ಅಳೆದ ರಕ್ತದೊತ್ತಡ ಎರಡನೆಯದು. ಎಲ್‌ಡಿಎಲ್, ಎಚ್‌ಡಿಎಲ್, ಟ್ರೈಗ್ಲಿಸರೈಡ್‌ಗಳನ್ನು ತೋರಿಸುವ ಲಿಪಿಡ್ ಪ್ರೊಫೈಲ್ ಮೂರನೆಯದು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ ನಾಲ್ಕನೆಯದು. ಆರೋಗ್ಯವಂತರಿಗೆ ಎಲ್‌ಡಿಎಲ್ ಒಂದು ಡೆಸಿಲೀಟರ್ ರಕ್ತಕ್ಕೆ 100 ಮಿಲಿಗ್ರಾಂಗಿಂತ ಕೆಳಗಿದ್ದರೆ ಒಳ್ಳೆಯದು. ಈಗಾಗಲೇ ಹೃದಯಾಘಾತವಾದವರಿಗೆ ಅದು 70ರ ಕೆಳಗೆ, ಅನೇಕರಿಗೆ 55ರ ಕೆಳಗೆ ಇರಬೇಕೆಂದು ವೈದ್ಯರು ಗುರಿ ಇಡುತ್ತಾರೆ.

ತಂದೆ, ಚಿಕ್ಕಪ್ಪ, ಅಣ್ಣಂದಿರಲ್ಲಿ ಯಾರಿಗಾದರೂ ಐವತ್ತೈದರೊಳಗೆ ಅಥವಾ ತಾಯಿ, ಅಕ್ಕತಂಗಿಯರಲ್ಲಿ ಯಾರಿಗಾದರೂ ಅರವತ್ತೈದರೊಳಗೆ ಹೃದ್ರೋಗ ಬಂದಿದ್ದರೆ, ಲಿಪೊಪ್ರೋಟೀನ್ (ಎ) ಎಂಬ ಪರೀಕ್ಷೆಯ ಬಗ್ಗೆಯೂ ವೈದ್ಯರನ್ನು ಕೇಳಿ. ಅದು ಹೃದ್ರೋಗದ ಅಪಾಯ ಏರಿಸುವ, ಹುಟ್ಟಿನಿಂದಲೇ ಬರುವ ರಕ್ತದ ಅಂಶ, ಊಟದಿಂದ ಬದಲಾಗುವುದಿಲ್ಲ. ಅದು ಹೆಚ್ಚಿದ್ದವರು ಉಳಿದುದರಲ್ಲಿ ಹೆಚ್ಚು ಕಟ್ಟುನಿಟ್ಟಾಗಿರಬೇಕಾಗುತ್ತದೆ.

ಹೆಜ್ಜೆ 2: ಒಂದು ತಿಂಗಳ ದಿನಸಿ ಚೀಟಿಯನ್ನು ಕೈಗೆತ್ತಿಕೊಳ್ಳಿ

ದಿನಕ್ಕೆ ಎಷ್ಟು ಉಪ್ಪು ತಿನ್ನುತ್ತೀರಿ ಎಂದು ಕೇಳಿದರೆ ಯಾರಿಗೂ ಉತ್ತರ ಗೊತ್ತಿರುವುದಿಲ್ಲ. ಉಪ್ಪಿನ ಪೊಟ್ಟಣ ಎಷ್ಟು ದಿನಕ್ಕೆ ಮುಗಿಯುತ್ತದೆ ಎಂದು ಕೇಳಿದರೆ ಹೇಳಬಲ್ಲರು. ಈ ಮಾರ್ಗದರ್ಶಿಯ ಲೆಕ್ಕವೆಲ್ಲ ಈ ಎರಡನೆಯ ಪ್ರಶ್ನೆಯ ಮೇಲೆ ನಿಂತಿದೆ. ಅಡುಗೆಮನೆಯ ಕಪಾಟಿನ ಒಳಬಾಗಿಲಿಗೆ ಒಂದು ಹಾಳೆ ಅಂಟಿಸಿ, ಉಪ್ಪು, ಎಣ್ಣೆ, ತುಪ್ಪ, ಸಕ್ಕರೆ, ಬೆಲ್ಲ, ಅಕ್ಕಿ, ಬೇಳೆಕಾಳು ಇವುಗಳ ಪೊಟ್ಟಣ ಒಡೆದ ದಿನವನ್ನು ಬರೆಯುತ್ತಾ ಬನ್ನಿ. ಮೊದಲ ತಿಂಗಳು ಏನನ್ನೂ ಬದಲಿಸಬೇಡಿ, ಬರೆಯುವುದಷ್ಟೇ ಕೆಲಸ.

ನಾಲ್ಕು ಮಂದಿ ದೊಡ್ಡವರಿರುವ, ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 2000 ಕ್ಯಾಲೊರಿ ಬೇಕಾಗುವ ಮನೆಯೊಂದನ್ನು ಇಟ್ಟುಕೊಂಡು ಲೆಕ್ಕ ಹಾಕಿದರೆ ತಿಂಗಳ ಮಿತಿ ಹೀಗೆ ಬರುತ್ತದೆ: ಉಪ್ಪು 600 ಗ್ರಾಂ, ತುಪ್ಪ ಬೆಣ್ಣೆಗಳೂ ಸೇರಿದಂತೆ ಎಣ್ಣೆ 3 ಕಿಲೋ, ಬೆಲ್ಲವೂ ಸೇರಿದಂತೆ ಸಕ್ಕರೆ 3 ಕಿಲೋ, ಅಕ್ಕಿ, ರಾಗಿ, ಗೋಧಿ, ಜೋಳ, ರವೆ ಎಲ್ಲ ಕೂಡಿ 30 ಕಿಲೋ, ಬೇಳೆ ಮತ್ತು ಕಾಳುಗಳು ಮಾತ್ರ ಇಷ್ಟಾದರೂ ಬರಬೇಕು, 8ರಿಂದ 10 ಕಿಲೋ. ಸಣ್ಣ ಮಕ್ಕಳಿದ್ದರೆ ಎಲ್ಲವೂ ಇನ್ನಷ್ಟು ಕಡಿಮೆ. ಹೊಲದಲ್ಲಿ ದುಡಿಯುವವರಿದ್ದರೆ ಧಾನ್ಯದ ಲೆಕ್ಕ ಹೆಚ್ಚುತ್ತದೆ, ಉಪ್ಪಿನದು ಅಲ್ಲ. ಈ ಪಟ್ಟಿಯನ್ನು ತಮ್ಮ ಮನೆಯ ಚೀಟಿಯ ಪಕ್ಕ ಇಟ್ಟು ನೋಡಿದವರಿಗೆ ಸಾಮಾನ್ಯವಾಗಿ ಎರಡು ಕಡೆ ಆಶ್ಚರ್ಯವಾಗುತ್ತದೆ: ಎಣ್ಣೆ ಐದು ಲೀಟರ್ ಆಗಿರುತ್ತದೆ, ಬೇಳೆಕಾಳು ಮೂರೋ ನಾಲ್ಕೋ ಕಿಲೋ ದಾಟಿರುವುದಿಲ್ಲ.

ಹೆಜ್ಜೆ 3: ಉಪ್ಪು

ಬದಲಾವಣೆಯನ್ನು ಉಪ್ಪಿನಿಂದಲೇ ಆರಂಭಿಸಿ, ಏಕೆಂದರೆ ಇದರಲ್ಲಿ ಖರ್ಚಿಲ್ಲ, ಫಲ ಕೆಲವೇ ವಾರಗಳಲ್ಲಿ ರಕ್ತದೊತ್ತಡದ ಯಂತ್ರದ ಮೇಲೆ ಕಾಣುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಒಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ತಲೆ ಸವರಿದ ಒಂದು ಟೀ ಚಮಚದೊಳಗೆ. ಇದರಲ್ಲಿ ಸಾರು, ಪಲ್ಯ, ಮಜ್ಜಿಗೆ, ಉಪ್ಪಿನಕಾಯಿ, ಹಪ್ಪಳ, ಹೊರಗಿನ ತಿಂಡಿ ಎಲ್ಲವೂ ಸೇರಿದೆ. ನಾಲ್ಕು ಜನರ ಮನೆಯಲ್ಲಿ ಒಂದು ಕಿಲೋ ಉಪ್ಪು ಒಂದೇ ತಿಂಗಳಿಗೆ ಮುಗಿಯುತ್ತಿದ್ದರೆ ತಲೆಗೆ 8 ಗ್ರಾಂ ದಾಟಿದೆ ಎಂದರ್ಥ. ಆ ಪೊಟ್ಟಣ ಐವತ್ತು ದಿನಕ್ಕಿಂತ ಹೆಚ್ಚು, ಹೊರಗೆ ತಿನ್ನುವುದನ್ನೂ ಗಣಿಸಿದರೆ ಎರಡು ತಿಂಗಳು, ಬರಬೇಕು.

ಒಮ್ಮೆಗೇ ಅರ್ಧಕ್ಕೆ ಇಳಿಸಿದರೆ ಮನೆಮಂದಿ ಊಟವನ್ನು ಸಪ್ಪೆ ಎಂದು ದೂರ ತಳ್ಳುತ್ತಾರೆ, ಮೂರನೆಯ ದಿನಕ್ಕೆ ಎಲ್ಲವೂ ಹಳೆಯ ಸ್ಥಿತಿಗೆ ಬರುತ್ತದೆ. ಹಾಗಾಗಿ ವಾರಕ್ಕೆ ಒಂದು ಸಣ್ಣ ಪಾಲಿನಂತೆ ಇಳಿಸಿ. ನಾಲಿಗೆ ಒಂದು ಒಂದೂವರೆ ತಿಂಗಳಲ್ಲಿ ಹೊಸ ರುಚಿಗೆ ಒಗ್ಗಿಕೊಳ್ಳುತ್ತದೆ. ಅಕ್ಕ ಮಾಡಿದ್ದು ಇಷ್ಟೇ: ಉಪ್ಪಿನ ಡಬ್ಬಿಯಲ್ಲಿದ್ದ ದೊಡ್ಡ ಚಮಚವನ್ನು ತೆಗೆದು ಔಷಧದ ಬಾಟಲಿಯೊಂದಿಗೆ ಬಂದ 5 ಮಿಲಿಲೀಟರಿನ ಅಳತೆ ಚಮಚ ಹಾಕಿದಳು, ಮತ್ತು ಅನ್ನಕ್ಕೆ, ಚಪಾತಿ ಹಿಟ್ಟಿಗೆ, ಮುದ್ದೆಗೆ ಉಪ್ಪು ಹಾಕುವುದನ್ನು ಪೂರ್ತಿ ನಿಲ್ಲಿಸಿದಳು. ಸಾರಿಗೆ ನಿಂಬೆರಸ, ಹುಣಸೆ, ಕಾಳುಮೆಣಸು, ಇಂಗು ಸ್ವಲ್ಪ ಮುಂದಾದವು. ಹುಳಿ ಮತ್ತು ಖಾರ ಸರಿಯಾಗಿ ಬಿದ್ದ ಅಡುಗೆಯಲ್ಲಿ ಉಪ್ಪಿನ ಕೊರತೆ ಬೇಗ ಗೊತ್ತಾಗುವುದಿಲ್ಲ. ಕಪಾಟಿನ ಹಾಳೆಯ ಪ್ರಕಾರ ಮೊದಲ ಪೊಟ್ಟಣ 34 ದಿನ ಬಂದಿತ್ತು, ಮೂರನೆಯದು 56 ದಿನ.

ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಒಣಮೀನು ಇವನ್ನು ದಿನದ ಊಟದಿಂದ ತೆಗೆದು ವಾರದ ಊಟಕ್ಕೆ ವರ್ಗಾಯಿಸಿ. ಮಜ್ಜಿಗೆಗೆ ಉಪ್ಪಿನ ಬದಲು ಕೊತ್ತಂಬರಿ, ಶುಂಠಿ, ಕರಿಬೇವು ಸಾಕು. ಸೈಂಧವ ಲವಣ ಹೃದಯಕ್ಕೆ ಒಳ್ಳೆಯದೆಂಬ ನಂಬಿಕೆ ಈಗ ಬಹಳ ಹರಡಿದೆ. ಅದರಲ್ಲಿರುವುದೂ ಬಹುಪಾಲು ಅದೇ ಸೋಡಿಯಂ ಕ್ಲೋರೈಡ್, ಬಣ್ಣ ಮಾತ್ರ ಬೇರೆ. ಅಯೋಡಿನ್ ಸೇರಿಸಿದ ಉಪ್ಪನ್ನು ಅದಕ್ಕಾಗಿ ಬಿಟ್ಟವರು ಥೈರಾಯ್ಡ್ ತೊಂದರೆಯನ್ನೂ ಕರೆದುಕೊಂಡಂತಾಗುತ್ತದೆ.

ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಸೇರಿಸಿದ ಉಪ್ಪಿನ ಮಾತು ಬೇರೆ. ಚೀನಾದ 600 ಹಳ್ಳಿಗಳಲ್ಲಿ ಸುಮಾರು 21,000 ಜನರ ಮೇಲೆ ನಡೆದು 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೂರು ಪಾಲು ಸಾಮಾನ್ಯ ಉಪ್ಪು ಒಂದು ಪಾಲು ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪನ್ನು ಬಳಸಿದವರಲ್ಲಿ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಯಿತು. ಆದರೆ ಮೂತ್ರಪಿಂಡದ ತೊಂದರೆ ಇರುವವರಿಗೆ, ಪೊಟ್ಯಾಸಿಯಂ ಏರಿಸುವ ಕೆಲವು ಬಿಪಿ ಮಾತ್ರೆಗಳನ್ನು ತೆಗೆದುಕೊಳ್ಳುವವರಿಗೆ ಇದು ಅಪಾಯಕಾರಿ. ಹೃದ್ರೋಗಿಗಳಲ್ಲಿ ಅನೇಕರು ಅಂಥ ಮಾತ್ರೆಗಳ ಮೇಲಿರುವುದರಿಂದ ವೈದ್ಯರನ್ನು ಕೇಳದೆ ಈ ಉಪ್ಪನ್ನು ತರಬೇಡಿ.

ಹೆಜ್ಜೆ 4: ಎಣ್ಣೆ, ತುಪ್ಪ, ತೆಂಗಿನಕಾಯಿ

ಎಣ್ಣೆಯಲ್ಲಿ ಎರಡು ಪ್ರಶ್ನೆಗಳಿವೆ: ಎಷ್ಟು, ಮತ್ತು ಯಾವುದು. ಎಷ್ಟು ಎಂಬುದಕ್ಕೆ ಉತ್ತರ ಒಬ್ಬರಿಗೆ ದಿನಕ್ಕೆ ಸುಮಾರು 25 ಗ್ರಾಂ, ಅಂದರೆ ಐದು ಟೀ ಚಮಚ. ಒಗ್ಗರಣೆ, ದೋಸೆ, ಚಪಾತಿಗೆ ಸವರುವುದು, ಅನ್ನದ ಮೇಲಿನ ತುಪ್ಪ ಎಲ್ಲ ಇದರೊಳಗೆ. ಎಣ್ಣೆಯ ಕ್ಯಾನಿನಿಂದ ನೇರವಾಗಿ ಬಾಣಲೆಗೆ ಸುರಿಯುವ ಅಭ್ಯಾಸವನ್ನು ನಿಲ್ಲಿಸಿ. ಬೆಳಿಗ್ಗೆ ನಾಲ್ಕು ಜನಕ್ಕೆ ಇಪ್ಪತ್ತು ಚಮಚ, ಅಂದರೆ ನೂರು ಮಿಲಿಲೀಟರ್ ಎಣ್ಣೆಯನ್ನು ಒಂದು ಸಣ್ಣ ಗಿಂಡಿಗೆ ತೆಗೆದಿಟ್ಟು, ರಾತ್ರಿಯವರೆಗೆ ಅದರಲ್ಲೇ ಅಡುಗೆ ಮುಗಿಸಿ. ಇಡೀ ಕ್ರಮದಲ್ಲಿ ನನಗೆ ಅತ್ಯಂತ ಉಪಯುಕ್ತವೆನಿಸಿದ ಅಭ್ಯಾಸ ಇದು, ಏಕೆಂದರೆ ಸಂಜೆಗೆ ಗಿಂಡಿ ಬರಿದಾಗಿದ್ದರೆ ಆ ದಿನ ಏನಾಯಿತು ಎಂಬುದು ಯಾರೂ ಹೇಳದೆ ಗೊತ್ತಾಗುತ್ತದೆ.

ಯಾವುದು ಎಂಬುದಕ್ಕೆ ಸ್ವಲ್ಪ ವಿವರ ಬೇಕು. ದಿನದ ಕ್ಯಾಲೊರಿಯಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಪಾಲು ಹತ್ತನೆಯ ಒಂದಕ್ಕಿಂತ ಕಡಿಮೆ ಇರಬೇಕು. 2000 ಕ್ಯಾಲೊರಿಗೆ ಅದು ಸುಮಾರು 22 ಗ್ರಾಂ. ಕೊಬ್ಬರಿ ಎಣ್ಣೆಯಲ್ಲಿ ಶೇ 80ಕ್ಕಿಂತ ಹೆಚ್ಚು, ತುಪ್ಪದಲ್ಲಿ ಶೇ 60ಕ್ಕಿಂತ ಹೆಚ್ಚು, ತಾಳೆ ಎಣ್ಣೆಯಲ್ಲಿ ಶೇ 50ರಷ್ಟು ಸ್ಯಾಚುರೇಟೆಡ್ ಕೊಬ್ಬಿದೆ. ಶೇಂಗಾ ಎಣ್ಣೆಯಲ್ಲಿ ಅದು ಶೇ 20ರೊಳಗೆ, ಎಳ್ಳೆಣ್ಣೆಯಲ್ಲಿ ಸುಮಾರು 14, ಸೂರ್ಯಕಾಂತಿಯಲ್ಲಿ ಸುಮಾರು 11, ಸಾಸಿವೆ ಎಣ್ಣೆಯಲ್ಲಿ ಅದಕ್ಕಿಂತಲೂ ಕಡಿಮೆ. ಆದ್ದರಿಂದ ದಿನದ ಅಡುಗೆಗೆ ಶೇಂಗಾ, ಎಳ್ಳು, ಸೂರ್ಯಕಾಂತಿ, ಅಕ್ಕಿತೌಡಿನ ಎಣ್ಣೆಗಳನ್ನು ಒಂದಾದ ಮೇಲೊಂದು ಬದಲಿಸಿ ತರುವುದು ಸರಿಯಾದ ದಾರಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಿಂದಿನಿಂದಲೂ ಇರುವ ಶೇಂಗಾ ಎಣ್ಣೆಯನ್ನು ಬಿಟ್ಟು ಆಲಿವ್ ಎಣ್ಣೆ ಹುಡುಕಿಕೊಂಡು ಹೋಗಬೇಕಾದ ಅಗತ್ಯ ನನಗೆ ಕಾಣುವುದಿಲ್ಲ. ಗಾಣದ ಎಣ್ಣೆಗೆ ಘಮ ಹೆಚ್ಚು, ಆ ಕಾರಣಕ್ಕೆ ಕೊಳ್ಳುವವರು ಕೊಳ್ಳಲಿ. ಆದರೆ ಗಾಣದಲ್ಲಿ ತೆಗೆದ ಮಾತ್ರಕ್ಕೆ ಕೊಬ್ಬರಿ ಎಣ್ಣೆಯ ಸ್ಯಾಚುರೇಟೆಡ್ ಕೊಬ್ಬು ಕಡಿಮೆಯಾಗುವುದಿಲ್ಲ.

ಕರಾವಳಿ ಮತ್ತು ಮಲೆನಾಡಿನ ಓದುಗರಿಗೆ ಈ ಭಾಗ ಕಹಿಯಾಗಬಹುದು, ಆದರೂ ಹೇಳಬೇಕು. ಹದಿನಾರು ಪ್ರಯೋಗಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಬೇರೆ ಸಸ್ಯ ಎಣ್ಣೆಗಳಿಗೆ ಹೋಲಿಸಿದಾಗ ಕೊಬ್ಬರಿ ಎಣ್ಣೆ ಎಲ್‌ಡಿಎಲನ್ನು ಡೆಸಿಲೀಟರಿಗೆ ಸುಮಾರು 10 ಮಿಲಿಗ್ರಾಂ ಏರಿಸಿತು. ತೆಂಗಿನ ತುರಿ ಎಣ್ಣೆಯಂತಲ್ಲ, ಅದರಲ್ಲಿ ನಾರು ಇದೆ, ನೀರಿನಂಶವಿದೆ. ಆದರೆ ನೂರು ಗ್ರಾಂ ಹಸಿ ತುರಿಯಲ್ಲಿ ಸುಮಾರು 30 ಗ್ರಾಂ ಸ್ಯಾಚುರೇಟೆಡ್ ಕೊಬ್ಬೂ ಇದೆ. 250 ಗ್ರಾಂ ತಿರುಳಿರುವ ಒಂದು ಕಾಯಿಯನ್ನು ನಾಲ್ಕು ಜನರ ಗಸಿ, ಚಟ್ನಿ, ಪಲ್ಯಗಳಿಗೆ ದಿನವೂ ಒಡೆದರೆ ತಲೆಗೆ ಸುಮಾರು 19 ಗ್ರಾಂ ಬರುತ್ತದೆ. ಹಾಲು, ತುಪ್ಪ, ಎಣ್ಣೆ ಸೇರುವ ಮೊದಲೇ ದಿನದ ಮಿತಿ ಬಹುಪಾಲು ತುಂಬಿತು. ಕಾಯಿಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ, ಬಿಟ್ಟರೆ ಅದು ನಮ್ಮ ಅಡುಗೆಯಾಗಿ ಉಳಿಯುವುದೂ ಇಲ್ಲ. ದಿನಕ್ಕೆ ಒಂದು ಹೋಳು, ಅಂದರೆ ಅರ್ಧ ಕಾಯಿಗೆ ಇಳಿಸಿ, ಚಟ್ನಿಗೆ ಅರ್ಧ ತುರಿ ಅರ್ಧ ಹುರಿಗಡಲೆ ಅಥವಾ ಶೇಂಗಾ ಹಾಕಿ, ಹುಳಿಗೆ ರುಬ್ಬುವಾಗ ಕಾಯಿಯ ಜೊತೆ ಬೆಂದ ಬೇಳೆಯನ್ನೇ ಎರಡು ಸೌಟು ಸೇರಿಸಿ. ಸಾರು ಮಂದವಾಗಿಯೇ ಬರುತ್ತದೆ.

ತುಪ್ಪದ ಒಂದು ಟೀ ಚಮಚದಲ್ಲಿ ಸುಮಾರು 3 ಗ್ರಾಂ ಸ್ಯಾಚುರೇಟೆಡ್ ಕೊಬ್ಬಿದೆ. ಆರೋಗ್ಯವಂತರಿಗೆ ದಿನಕ್ಕೊಂದು ಚಮಚ ಲೆಕ್ಕದೊಳಗೆ ಹೊಂದುತ್ತದೆ. ಹೃದಯಾಘಾತವಾದವರು ಅದನ್ನು ಹಬ್ಬದ ದಿನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು. ಹಾಲಿನ ಪೊಟ್ಟಣದ ಮೇಲೆ ಕೊಬ್ಬಿನ ಪ್ರಮಾಣ ಬರೆದಿರುತ್ತದೆ: ಶೇ 6ರ ಹಾಲಿನಿಂದ ಶೇ 3ರ ಹಾಲಿಗೆ ಇಳಿದರೆ ಕಾಲು ಲೀಟರಿಗೆ ಸುಮಾರು ನಾಲ್ಕೂವರೆ ಗ್ರಾಂ ಸ್ಯಾಚುರೇಟೆಡ್ ಕೊಬ್ಬು ಕಡಿಮೆಯಾಗುತ್ತದೆ, ಕಾಫಿಯ ರುಚಿಯಲ್ಲಿ ಹೆಚ್ಚು ವ್ಯತ್ಯಾಸ ತಿಳಿಯುವುದಿಲ್ಲ.

ಇಲ್ಲಿ ಒಂದು ತಪ್ಪು ಬಹಳ ಮನೆಗಳಲ್ಲಿ ಆಗುತ್ತದೆ. ತುಪ್ಪ, ಕಾಯಿ ಕಡಿಮೆ ಮಾಡಿದವರು ಹೊಟ್ಟೆ ತುಂಬಲೆಂದು ಇನ್ನೊಂದು ಸೌಟು ಬಿಳಿ ಅನ್ನ, ಎರಡು ಬ್ರೆಡ್ಡು ಹೆಚ್ಚಿಸಿಕೊಳ್ಳುತ್ತಾರೆ. ಹಾಗೆ ಮಾಡಿದರೆ ಎಲ್‌ಡಿಎಲ್ ತುಸು ಇಳಿದರೂ ಟ್ರೈಗ್ಲಿಸರೈಡ್ ಏರುತ್ತದೆ, ಹೃದಯಕ್ಕೆ ಲಾಭವಾಗುವುದಿಲ್ಲ. ತೆಗೆದ ಕೊಬ್ಬಿನ ಜಾಗಕ್ಕೆ ಶೇಂಗಾ, ಎಳ್ಳು, ಬಾದಾಮಿ, ಕಾಳು, ಮೀನು ಬಂದಾಗ ಮಾತ್ರ ಲಾಭ.

ಹೆಜ್ಜೆ 5: ಅನ್ನ, ಮೈದಾ, ಸಕ್ಕರೆ

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ ದಿನದ ಕ್ಯಾಲೊರಿಯಲ್ಲಿ ಧಾನ್ಯಗಳ ಪಾಲು ಶೇ 45ನ್ನು ದಾಟಬಾರದು. ಅಂದರೆ ಒಬ್ಬರಿಗೆ ದಿನಕ್ಕೆ ಹಸಿ ತೂಕದಲ್ಲಿ 250 ಗ್ರಾಂ ಆಸುಪಾಸು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ ಸಾರು, ಮತ್ತೆ ಅನ್ನ ಮೊಸರು, ರಾತ್ರಿ ದೋಸೆ ಎನ್ನುವ ದಿನದಲ್ಲಿ ಇದು ಸುಲಭವಾಗಿ ಮೀರುತ್ತದೆ.

ಕುಚಲಕ್ಕಿ, ಪಾಲಿಶ್ ಕಡಿಮೆ ಮಾಡಿದ ಕೆಂಪಕ್ಕಿ, ಜೋಳದ ರೊಟ್ಟಿ, ನವಣೆ, ರಾಗಿ ಇವುಗಳಲ್ಲಿ ನಾರಿನಂಶ ಹೆಚ್ಚು, ಬಿಳಿ ಅನ್ನದ ಒಂದು ಹೊತ್ತನ್ನು ಇವುಗಳಿಗೆ ಬಿಟ್ಟುಕೊಡಿ. ಆದರೆ ರಾಗಿಯೆಂದ ಮಾತ್ರಕ್ಕೆ ಲೆಕ್ಕ ಬೇಡ ಎಂಬುದು ಸರಿಯಲ್ಲ. ನುಣ್ಣಗೆ ಬೀಸಿದ ಹಿಟ್ಟಿನ ದೊಡ್ಡ ಮುದ್ದೆ ಎರಡು ಉಂಡರೆ ಸಕ್ಕರೆ ಕಾಯಿಲೆಯವರಲ್ಲಿ ಸಕ್ಕರೆ ಏರಿಯೇ ಏರುತ್ತದೆ. ಹದವಾದ ಒಂದು ಮುದ್ದೆ, ಅದಕ್ಕೆ ತಟ್ಟೆ ತುಂಬ ಬಸ್ಸಾರಿನ ಸೊಪ್ಪು ಮತ್ತು ಕಾಳಿನ ಪಲ್ಯ ಸೇರಿದಾಗ ಅದು ನಿಜವಾಗಿಯೂ ಹೃದಯಕ್ಕೆ ಹೇಳಿ ಮಾಡಿಸಿದ ಊಟ. ತಟ್ಟೆಗೆ ಬಡಿಸುವ ಕ್ರಮವನ್ನು ಬದಲಿಸುವುದೂ ಸಹಾಯಕ: ಮೊದಲು ಕೋಸಂಬರಿ ಮತ್ತು ಪಲ್ಯ, ಅವು ಅರ್ಧ ಮುಗಿದ ಮೇಲೆ ಅನ್ನ. ಬಾಳೆ ಎಲೆಯ ಊಟದಲ್ಲಿ ಕೋಸಂಬರಿ, ಪಲ್ಯಗಳು ಅನ್ನಕ್ಕಿಂತ ಮುಂಚೆ ಬರುವುದನ್ನು ನಾವೆಲ್ಲ ನೋಡಿದ್ದೇವೆ, ದಿನದ ತಟ್ಟೆಯಲ್ಲಿ ಮಾತ್ರ ಅದು ಮರೆತುಹೋಗಿದೆ.

ಸಕ್ಕರೆಯಲ್ಲಿ ದಿನಕ್ಕೆ 25 ಗ್ರಾಂ, ಅಂದರೆ ಐದು ಚಮಚದೊಳಗೆ ನಿಲ್ಲುವುದು ಒಳ್ಳೆಯ ಗುರಿ. ಎರಡೆರಡು ಚಮಚ ಹಾಕಿದ ಮೂರು ಲೋಟ ಕಾಫಿಯಲ್ಲೇ ಅದು ದಾಟುತ್ತದೆ. ಬೆಲ್ಲ, ಜೇನುತುಪ್ಪಗಳೂ ರಕ್ತಕ್ಕೆ ಸೇರಿದ ಮೇಲೆ ಸಕ್ಕರೆಯೇ. ಬೆಲ್ಲವೆಂದು ಎರಡರಷ್ಟು ಹಾಕಬೇಡಿ. ಹಣ್ಣಿನ ರಸದ ಬದಲು ಹಣ್ಣನ್ನೇ ತಿನ್ನಿ.

ಹೆಜ್ಜೆ 6: ತಟ್ಟೆಗೆ ಸೇರಿಸಬೇಕಾದದ್ದು

ಇಲ್ಲಿಯವರೆಗೆ ತೆಗೆಯುವ ಮಾತಾಯಿತು. ಆದರೆ ಸೇರಿಸದೆ ಬರೀ ತೆಗೆದ ಊಟ ಬಹಳ ದಿನ ನಡೆಯುವುದಿಲ್ಲ, ಮತ್ತು ಹೃದಯವನ್ನು ಕಾಯುವ ಕೆಲಸದಲ್ಲಿ ಸೇರಿಸುವುದಕ್ಕೂ ಅಷ್ಟೇ ಪಾಲಿದೆ.

ಮೊದಲನೆಯದು ಕಾಳು. ಹುರುಳಿ, ಹೆಸರುಕಾಳು, ಅಲಸಂದೆ, ಕಡಲೆ, ಅವರೆ ಇವುಗಳಲ್ಲಿರುವ ಕರಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಪಿತ್ತರಸವನ್ನು ಹೊಸದಾಗಿ ತಯಾರಿಸಲು ಯಕೃತ್ತಿಗೆ ಕೊಲೆಸ್ಟೆರಾಲ್ ಬೇಕು, ಅದನ್ನು ಅದು ರಕ್ತದಿಂದ ಸೆಳೆದುಕೊಳ್ಳುತ್ತದೆ. ಓಟ್ಸ್ ಕೊಲೆಸ್ಟೆರಾಲ್ ಇಳಿಸುತ್ತದೆ ಎನ್ನುವುದಕ್ಕೆ ಕಾರಣ ಇದೇ. ಬೆಂಡೆಕಾಯಿ, ಮೆಂತ್ಯದ ಕಾಳು, ಸಿಪ್ಪೆ ಸಹಿತ ಸೇಬು, ಸೀಬೆಹಣ್ಣುಗಳಲ್ಲೂ ಇಂಥ ನಾರಿದೆ. ತಿಳಿಸಾರಿನಲ್ಲಿ ತೇಲುವ ನಾಲ್ಕು ಬೇಳೆ ಸಾಲದು; ಒಬ್ಬರಿಗೆ ದಿನಕ್ಕೆ 70ರಿಂದ 85 ಗ್ರಾಂ ಬೇಳೆಕಾಳು ಹೋಗಬೇಕಾದರೆ ಕಾಳಿನ ಹುಳಿ, ಉಸಲಿ, ಕೋಸಂಬರಿ, ಮೊಳಕೆ ಕಾಳಿನ ಪಲ್ಯಗಳಲ್ಲಿ ಒಂದಾದರೂ ದಿನವೂ ಇರಬೇಕು.

ಎರಡನೆಯದು ತರಕಾರಿ ಮತ್ತು ಹಣ್ಣು, ಎರಡೂ ಸೇರಿ ಒಬ್ಬರಿಗೆ ದಿನಕ್ಕೆ 500 ಗ್ರಾಂ, ಅದರಲ್ಲಿ ತರಕಾರಿಯೇ 400. ನಾಲ್ಕು ಜನರ ಮನೆಗೆ ವಾರದ ಸಂತೆಯಿಂದ 11 ಕಿಲೋ ತರಕಾರಿ ಬರಬೇಕು, ಆಲೂಗಡ್ಡೆಯನ್ನು ಇದರಲ್ಲಿ ಎಣಿಸಬಾರದು. ದಂಟು, ಹರಿವೆ, ಮೆಂತ್ಯ, ಸಬ್ಬಸಿಗೆ, ಪುಂಡಿ ಸೊಪ್ಪುಗಳು, ಬಾಳೆಹಣ್ಣು, ಪಪ್ಪಾಯಿ ಇವುಗಳಲ್ಲಿರುವ ಪೊಟ್ಯಾಸಿಯಂ ಉಪ್ಪಿನ ದುಷ್ಪರಿಣಾಮವನ್ನು ತಗ್ಗಿಸುತ್ತದೆ. ಹಣ್ಣು, ತರಕಾರಿ, ಕಾಳು, ಕಡಿಮೆ ಕೊಬ್ಬಿನ ಹಾಲು ಹೆಚ್ಚಿರುವ ಡ್ಯಾಶ್ ಎಂಬ ಆಹಾರಕ್ರಮ ಕೆಲವೇ ವಾರಗಳಲ್ಲಿ ರಕ್ತದೊತ್ತಡ ಇಳಿಸುತ್ತದೆ ಎಂಬುದು ಅಮೆರಿಕದಲ್ಲಿ 1997ರಲ್ಲೇ ಸಾಬೀತಾಯಿತು. ಅದರ ಪಟ್ಟಿಯನ್ನು ನೋಡಿದರೆ ನಮ್ಮ ಸೊಪ್ಪಿನ ಸಾರು, ಕಾಳಿನ ಪಲ್ಯ, ಮಜ್ಜಿಗೆಗಳ ಊಟಕ್ಕೂ ಅದಕ್ಕೂ ಬಹಳ ದೂರವಿಲ್ಲ.

ಮೂರನೆಯದು ಬೀಜಗಳು. ಸ್ಪೇನಿನಲ್ಲಿ ಸುಮಾರು 7,400 ಜನರ ಮೇಲೆ ನಡೆದ ಪ್ರೆಡಿಮೆಡ್ ಪ್ರಯೋಗದಲ್ಲಿ, ಆಲಿವ್ ಎಣ್ಣೆ ಅಥವಾ ದಿನಕ್ಕೆ 30 ಗ್ರಾಂ ಬೀಜಗಳನ್ನು ಸೇರಿಸಿದ ಊಟ ಮಾಡಿದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವುಗಳು ಒಟ್ಟಿಗೆ ಶೇ 30ರಷ್ಟು ಕಡಿಮೆ ಕಂಡವು. ಪ್ರಯೋಗದಲ್ಲಿ ಜನರನ್ನು ಗುಂಪುಗಳಿಗೆ ಹಂಚಿದ್ದರಲ್ಲಿ ಕಂಡ ದೋಷಗಳನ್ನು ಸರಿಪಡಿಸಿ 2018ರಲ್ಲಿ ಮರುಪ್ರಕಟಿಸಿದಾಗಲೂ ಫಲಿತಾಂಶ ಬಹುತೇಕ ಹಾಗೇ ಉಳಿಯಿತು. ಒಂದು ಹಿಡಿ ಹುರಿದ ಶೇಂಗಾ, ಉಪ್ಪಿಲ್ಲದ್ದು, ಸಂಜೆಯ ಬಿಸ್ಕತ್ತಿನ ಜಾಗಕ್ಕೆ ಬರಲಿ. ಅಗಸೆ ಚಟ್ನಿಪುಡಿ, ಗುರೆಳ್ಳು ಪುಡಿ, ಶೇಂಗಾ ಹಿಂಡಿ ರೊಟ್ಟಿಯೊಂದಿಗೆ ಎರಡು ಚಮಚ ಹೋದರೆ ಒಳ್ಳೆಯ ಕೊಬ್ಬು ಸಿಗುತ್ತದೆ. ಪುಡಿ ಮಾಡುವಾಗ ಉಪ್ಪನ್ನು ಅರ್ಧಕ್ಕೆ ಇಳಿಸಬೇಕು ಅಷ್ಟೆ.

ಮೀನು ತಿನ್ನುವವರು ವಾರಕ್ಕೆ ಎರಡು ಸಲ ಬೂತಾಯಿ ಅಥವಾ ಬಂಗುಡೆಯನ್ನು ಪುಳಿಮುಂಚಿಯಾಗಿ ಇಲ್ಲವೇ ಕಾವಲಿಯ ಮೇಲೆ ಕಡಿಮೆ ಎಣ್ಣೆಯಲ್ಲಿ ಮಾಡಿಕೊಳ್ಳಿ. ಅಗ್ಗವಾದ ಈ ಎರಡು ಮೀನುಗಳಲ್ಲೇ ಒಮೆಗಾ-3 ಎಂಬ ಒಳ್ಳೆಯ ಕೊಬ್ಬು ಧಾರಾಳವಾಗಿದೆ. ದಿನಕ್ಕೊಂದು ಮೊಟ್ಟೆ ಹೆಚ್ಚಿನವರಿಗೆ ತೊಂದರೆ ಮಾಡುವುದಿಲ್ಲ. ಸಕ್ಕರೆ ಕಾಯಿಲೆ ಅಥವಾ ಹೆಚ್ಚಿನ ಎಲ್‌ಡಿಎಲ್ ಇರುವವರು ಹಳದಿ ಭಾಗವನ್ನು ಮಿತಗೊಳಿಸಬಹುದು. ಮಾಂಸದಲ್ಲಿ ಚರ್ಮ ತೆಗೆದ ಕೋಳಿ ಮೇಲು, ಕುರಿಮಾಂಸ ಅಪರೂಪಕ್ಕೆ.

ಹೆಜ್ಜೆ 7: ಬೇಕರಿ, ಹೋಟೆಲು, ಪೊಟ್ಟಣ

ವನಸ್ಪತಿಯಿಂದ ಬರುವ ಟ್ರಾನ್ಸ್ ಕೊಬ್ಬು ಎಲ್‌ಡಿಎಲನ್ನು ಏರಿಸಿ ಎಚ್‌ಡಿಎಲನ್ನು ಇಳಿಸುತ್ತದೆ, ಅದಕ್ಕೆ ಸುರಕ್ಷಿತ ಪ್ರಮಾಣವೆಂಬುದಿಲ್ಲ. ಭಾರತದಲ್ಲಿ 2022ರ ಜನವರಿಯಿಂದ ಎಣ್ಣೆ ಮತ್ತು ಕೊಬ್ಬುಗಳಲ್ಲಿ ಕೈಗಾರಿಕಾ ಟ್ರಾನ್ಸ್ ಕೊಬ್ಬು ಶೇ 2ನ್ನು ಮೀರುವಂತಿಲ್ಲ. ಇದು ದೊಡ್ಡ ಹೆಜ್ಜೆ. ಆದರೂ ಪಫ್ಸ್, ಖಾರ ಬನ್ನು, ಬೆಣ್ಣೆ ಬಿಸ್ಕತ್ತುಗಳಲ್ಲಿ ಮೈದಾ, ಸಕ್ಕರೆ, ಉಪ್ಪು, ತಾಳೆ ಕೊಬ್ಬು ಹಾಗೆಯೇ ಇವೆ. ಒಂದೇ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿ ಕರಿದ ಬಜ್ಜಿ, ಬೋಂಡ, ಗೋಬಿ ಮಂಚೂರಿಗಳಲ್ಲಿ ಹಾನಿಕರ ವಸ್ತುಗಳು ಸೇರುತ್ತಲೇ ಇರುತ್ತವೆ. ಹೋಟೆಲಿನಲ್ಲಿ ಇಡ್ಲಿ ಸಾಂಬಾರು, ಖಾಲಿ ದೋಸೆ ಪರವಾಗಿಲ್ಲ. ವಡೆ, ಪೂರಿ, ಬೆಣ್ಣೆ ದೋಸೆ ತಿಂಗಳಿಗೊಮ್ಮೆಯ ಸಂತೋಷವಾಗಿರಲಿ.

ಪೊಟ್ಟಣದ ಹಿಂಭಾಗ ಓದುವಾಗ ಒಂದು ಲೆಕ್ಕ ನೆನಪಿಡಿ: 400 ಮಿಲಿಗ್ರಾಂ ಸೋಡಿಯಂ ಎಂದರೆ 1 ಗ್ರಾಂ ಉಪ್ಪು. ಎಷ್ಟು ಗ್ರಾಂ ತಿನಿಸಿಗೆ ಆ ಸಂಖ್ಯೆ ಬರೆದಿದ್ದಾರೆ ಎಂಬುದನ್ನೂ ನೋಡಿ.

ಹೆಜ್ಜೆ 8: ಊಟ ಬದಲಾದ ಮೇಲೆ ಮತ್ತೆ ಅಳೆಯಿರಿ, ಮಾತ್ರೆ ಬಿಡಬೇಡಿ

ಎಲ್ಲವನ್ನೂ ಒಂದೇ ವಾರ ಬದಲಿಸಲು ಹೋಗಬೇಡಿ. ಮೊದಲ ತಿಂಗಳು ಬರೆಯುವುದು, ಎರಡನೆಯದರಲ್ಲಿ ಉಪ್ಪು ಮತ್ತು ಎಣ್ಣೆಯ ಗಿಂಡಿ, ಮೂರನೆಯದರಲ್ಲಿ ಕಾಯಿ, ಅನ್ನ, ಸಕ್ಕರೆ. ಕಾಳು ಮತ್ತು ಸೊಪ್ಪು ಮಾತ್ರ ಎರಡನೆಯ ತಿಂಗಳಿಂದಲೇ ಏರುತ್ತಾ ಬರಲಿ. ಪೂರ್ತಿ ಬದಲಾದ ಊಟ ಎಂಟು ಹತ್ತು ವಾರ ನಡೆದ ಮೇಲೆ ಲಿಪಿಡ್ ಪರೀಕ್ಷೆ ಮಾಡಿಸಿ, ಪುಸ್ತಕದ ಮೊದಲ ಪುಟದೊಂದಿಗೆ ಹೋಲಿಸಿ.

ಸಂಖ್ಯೆ ಇಳಿದದ್ದನ್ನು ಕಂಡು ಕೊಲೆಸ್ಟೆರಾಲ್ ಇಳಿಸುವ ಸ್ಟ್ಯಾಟಿನ್, ಆಸ್ಪಿರಿನ್, ಬಿಪಿ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸುವವರಿದ್ದಾರೆ. ಇದು ಅತ್ಯಂತ ಅಪಾಯದ ಕೆಲಸ, ಸ್ಟೆಂಟ್ ಹಾಕಿಸಿಕೊಂಡವರಿಗಂತೂ ಪ್ರಾಣಕ್ಕೆ ಬರಬಹುದು. ಊಟ ಮತ್ತು ಮಾತ್ರೆ ಎರಡೂ ಬೇಕು, ಪ್ರಮಾಣ ಬದಲಿಸುವುದು ವೈದ್ಯರ ಕೆಲಸ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು, ಅದರಲ್ಲಿರುವ ವಿಟಮಿನ್ ಕೆ ಔಷಧದ ಪರಿಣಾಮವನ್ನು ಕುಗ್ಗಿಸುತ್ತದೆ. ಕೆಲವು ಸ್ಟ್ಯಾಟಿನ್‌ಗಳ ಜೊತೆ ಚಕ್ಕೋತದ ಜಾತಿಯ ಹಣ್ಣುಗಳು ಹೊಂದುವುದಿಲ್ಲವಾದ್ದರಿಂದ ಅದನ್ನು ಇಷ್ಟಪಡುವವರು ಕೇಳಿ ತಿನ್ನಬೇಕು. ಮೂತ್ರಪಿಂಡದ ಕಾಯಿಲೆ ಇದ್ದವರಿಗೆ ಹಣ್ಣು, ಕಾಳುಗಳ ಲೆಕ್ಕವೇ ಬೇರೆ. ಅವರು ಆಹಾರತಜ್ಞರ ಸಲಹೆ ಪಡೆದ ಮೇಲೆಯೇ ಈ ಕ್ರಮವನ್ನು ಹಿಡಿಯಬೇಕು.

ಇನ್ನೊಂದು ವಿಷಯವನ್ನು ಅಡುಗೆಮನೆಯ ಮಾತಾಗಿಯೇ ಹೇಳಬೇಕಾಗಿದೆ. ಎದೆಯ ನಡುವೆ ಒತ್ತಿದಂಥ ನೋವು ಬಂದು ಎಡಗೈ, ದವಡೆ, ಬೆನ್ನಿಗೆ ಹರಡಿದರೆ, ತಣ್ಣನೆಯ ಬೆವರು ಬಂದರೆ, ಉಸಿರು ಕಟ್ಟಿದರೆ, ನಮ್ಮ ಮನೆಗಳಲ್ಲಿ ಮೊದಲು ಬರುವುದು ಗ್ಯಾಸ್ಟ್ರಿಕ್ ಎಂಬ ಮಾತು ಮತ್ತು ಒಂದು ಲೋಟ ಓಂಕಾಳಿನ ಕಷಾಯ ಅಥವಾ ಸೋಡಾ. ಭಾವನವರೂ ಆ ರಾತ್ರಿ ಎರಡು ಗಂಟೆ ಹಾಗೆಯೇ ಕಳೆದಿದ್ದರು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ನೋವಿಗಿಂತ ಸುಸ್ತು, ವಾಕರಿಕೆ, ಉಬ್ಬಸವೇ ಮುಖ್ಯ ಲಕ್ಷಣವಾಗಿರಬಹುದು. ಅಂಥ ಹೊತ್ತಿನಲ್ಲಿ ಏನನ್ನೂ ಕುಡಿಸುತ್ತಾ ಕಾಯದೆ 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಕರೆದೊಯ್ಯಿರಿ. ರಾಜ್ಯ ಸರ್ಕಾರ 2023ರಲ್ಲಿ ಆರಂಭಿಸಿದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಅನೇಕ ತಾಲ್ಲೂಕು ಆಸ್ಪತ್ರೆಗಳಲ್ಲಿ ಇಸಿಜಿ ಮಾಡಿ, ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯಿದೆ. ನಿಮ್ಮ ಊರಿಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದೆಂದು ಇಂದೇ ವಿಚಾರಿಸಿ, ಅದರ ಹೆಸರನ್ನು ಕಪಾಟಿನ ಆ ಹಾಳೆಯ ಮೇಲ್ಭಾಗದಲ್ಲಿ ಬರೆದಿಡಿ.